ನಿಲ್ಲಿಸಬಾರದ ಜಾಗ

ಅಕ್ಕನ ಮಗ ಶರಣು ಗಾಡಿ ತಂದಿದ್ದ,
ಬಾಡಿಗೆಯದು, ಒಂದು ದಿನದ ಮಟ್ಟಿಗೆ.
ರಾಸ್ ಅಲ್ ಖೈಮಾ ದಾಟಿದ ಮೇಲೆ
ಊರು ಸವೆದು ಸವೆದು ಬರೀ ಕಲ್ಲಾಯಿತು.
ಜಬಲ್ ಜೈಸ್, ಅಂದ. ಜಬಲ್ ಅಂದರೆ ಗುಡ್ಡವಂತೆ.
ಹತ್ತೊಂಬತ್ತು ವರ್ಷ ಫೋನಿನಲ್ಲಿ ಇವರು
‘ಜಬಲದಾಗ ಕೆಲಸ’ ಅಂದಾಗಲೆಲ್ಲ
ಯಾರೋ ಸಾಹುಕಾರನ ಹೆಸರು ಅಂದುಕೊಂಡಿದ್ದೆ.

ಮೊದಲು ನಿಂತಲ್ಲಿ ಜನ ಕಿಕ್ಕಿರಿದಿದ್ದರು.
ಏರಿ ಬಂದ ದಾರಿ ಕೆಳಗೆ
ಬಿಚ್ಚಿ ಬಿಸಾಕಿದ ಲಾಡಿಯ ಹಾಗೆ ಬಿದ್ದಿತ್ತು.
ಎಲ್ಲರೂ ಕಣಿವೆಗೆ ಮುಖ ಮಾಡಿ ಫೋನೆತ್ತಿದ್ದರೆ
ಇವರು ಕಣಿವೆಗೆ ಬೆನ್ನು ಮಾಡಿ
ತಡೆಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು
ನೀರು ಹೋಗುವ ತೂತಿಗೆ ಬೆರಳು ಹಾಕಿದರು.
‘ಮುಚ್ಚಿಲ್ಲ. ಚಲೋ ಐತಿ.’
ಎದ್ದು ಕೈ ಒರೆಸಿಕೊಂಡರು.

ಇನ್ನೂ ಮೇಲೆ, ಕಡಕ್ ಚಾದ ವ್ಯಾನು,
ಕಬಾಬಿನ ಹೊಗೆ, ಹೊಗೆಯೊಳಗೆ ಒಂದು ಆಡು
ಯಾರದೋ ಚಾಪೆಯ ಅಂಚು ತಿನ್ನುತ್ತಿತ್ತು.
ನಾನೂ ಕಲ್ಲೊಡೆಯುವವರ ಮನೆಯವಳು.
ಬಂಡೆಗೆ ಗೆಣ್ಣಿನಿಂದ ಬಡಿದು ಕಿವಿಗೊಟ್ಟೆ.
ಇಳಕಲ್ಲಿನ ಕಲ್ಲು ಕರೆದರೆ ಓಗೊಡುತ್ತದೆ;
ಇದು ಪದರು ಪದರು, ತಂಗಳು ರೊಟ್ಟಿ.
‘ನಂಬೂ ಕಲ್ಲಲ್ಲ ಇದು,’ ಅಂದೆ.
ಇವರ ಮುಖ ಆ ದಿನ ಮೊದಲ ಸಲ ಅರಳಿತು.
‘ಅದಕ್ಕ ಮೊಳಿ ಹೊಡದೀವಿ. ಅಲ್ನೋಡು.’
ಬಂಡೆಯ ಮೈತುಂಬ ಕಬ್ಬಿಣದ ಬಟ್ಟುಗಳು,
ನಾನು ಅಷ್ಟೊತ್ತೂ ಅವನ್ನು ನೆರಳು ಅಂದುಕೊಂಡಿದ್ದೆ.

ತುದಿಯಲ್ಲಿ ದುರ್ಬೀನು, ಥಂಡಿ ಬೇರೆ.
ಶರಣು ತನ್ನ ಜಾಕೀಟು ಕೊಟ್ಟ, ಸೀರೆಯ ಮೇಲೇ ಹಾಕಿಕೊಂಡೆ.
ತಲೆಯ ಮೇಲೆ ತಂತಿಗೆ ಜೋತುಬಿದ್ದು
ಒಬ್ಬ ಹೆಣ್ಣುಮಗಳು ಚೀರುತ್ತ ಕಣಿವೆ ದಾಟಿದಳು.
‘ಹಿಂಗ ಜೋತಬೀಳಾಕ ರೊಕ್ಕಾ ಕೊಡತಾರ,’ ಅಂದರು ಇವರು.
ಸ್ವಲ್ಪ ತಡೆದು,
‘ನಮಗ ಅವ್ರ ಕೊಡತಿದ್ರು.’
ದುರ್ಬೀನಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು.
ಸಮುದ್ರ ಕಾಣಿಸಿತೇನೋ ಅಂತ ಕೇಳಿದೆ.
ಕೆಳಗಿನ ತಿರುವಿನ ಕಂಬಿ ಬಾಗಿದೆಯಂತೆ.

ಇಳಿಯುವಾಗ, ಇಳಿಯುವಾಗಲೇ,
‘ಇಲ್ಲಿ ನಿಂದ್ರಸು.’
‘ಮಾಮಾ, ಇಲ್ಲಿ ನಿಂದ್ರಸೂ ಹಂಗಿಲ್ಲ, ದಂಡ ಹಾಕ್ತಾರ.’
‘ಎರಡ ನಿಮಿಷ.’
ನೋಡಲಿಕ್ಕೆ ಏನೂ ಇಲ್ಲ ಅಲ್ಲಿ.
ಎರಡೂ ಕಡೆ ಕಡಿದ ಬಂಡೆ, ನಡುವೆ ಟಾರು,
ಒಂದು ಖಾಲಿ ಬಾಟಲಿ ಉರುಳಾಡುತ್ತಿತ್ತು.
‘ಫೋನಿಗೆ ಇಲ್ಲಿ ಒಂದ ಕಡ್ಡಿ ಬರತಿತ್ತು.
ಕ್ಯಾಂಪಿನ್ಯಾಗ ಅದೂ ಇಲ್ಲ.
ಉಂಡ ಮ್ಯಾಲ ಏರಿ ಬರತಿದ್ದೆ.’

ಗಾಡಿಯ ಬಾಗಿಲು ತೆರೆದೆ. ಆ ಗಾಳಿ.
ಗುರುತು ಹಿಡಿದೆ.

ಅದೇ ಗೊರಗೊರ, ಅದೇ ನಡುನಡುವೆ ಉಸಿರುಗಟ್ಟುವುದು.
ದೊಡ್ಡ ಆಫೀಸಿನ ಫ್ಯಾನು ಅಂತ ಅತ್ತೆ,
ಸಮುದ್ರ ಅಂತ ನಾನು.
ಮಗಳಿಗೆ ಹಲ್ಲು ಬಂದದ್ದು, ಅಪ್ಪ ಹೋದದ್ದು,
ಬ್ಯಾಂಕಿನ ಪುಸ್ತಕದ ನಂಬರು ಎರಡೆರಡು ಸಲ,
ಎಲ್ಲವನ್ನೂ ಆ ಸದ್ದಿನ ಮೇಲೆ ಕೂಗಿ ಹೇಳಿದ್ದೆ.
ಒಮ್ಮೆ ಸಿಟ್ಟು ಬಂದು,
‘ಮದಲ ಆ ಫ್ಯಾನ್ ಬಂದ್ ಮಾಡ್ರಿ!’ ಅಂದಿದ್ದೆ.
‘ಹೂಂ, ಮಾಡ್ದೆ,’ ಅಂದಿದ್ದರು.
ಸದ್ದು ನಿಜವಾಗಿ ಕಡಿಮೆಯಾಗಿತ್ತು.

ಹೇಗೆ ಮಾಡಿದರೆಂದು ಈಗ ನೋಡಿದೆ.
ರಸ್ತೆಗೆ ಬೆನ್ನು ಕೊಟ್ಟು, ಎರಡು ಬಂಡೆ ಕೂಡುವ ಮೂಲೆಗೆ
ಮುಖ ಒತ್ತಿ, ಹೆಗಲು ಮಡಚಿ ನಿಂತಿದ್ದರು.
ಯಾರೂ ಹೇಳಿರಲಿಲ್ಲ. ಕಾಲೇ ಒಯ್ದಿರಬೇಕು.

ಶರಣು ಹಾರ್ನ್ ಹೊಡೆದ.
ನಾನು ಮೂರು ಮಾರು ಹಿಂದಿದ್ದೆ.
‘ಕೇಳಸ್ತೈತೇನ್ರೀ?’ ಅಂದೆ.

ತಿರುಗಲಿಲ್ಲ. ಖಾಲಿ ಕೈ ಕಿವಿಗೆ ಹೋಯಿತು.
‘ಸ್ವಲ್ಪ ಜೋರ್ ಮಾತಾಡು,’ ಅಂದರು.